ಸ್ಟಾರ್ ಕೌಂಟಿ ಪಕ್ಷ ಬದಲಾಯಿಸ್ತು ಅಂತಾರಲ್ಲ, ಓಟಿನ ಲೆಕ್ಕ ಬೇರೆನೇ ಹೇಳ್ತಿದೆ

ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣ ತುದೀಲಿ, ರಿಯೊ ಗ್ರ್ಯಾಂಡ್ ನದಿ ದಂಡೆ ಮೇಲೆ ಸ್ಟಾರ್ ಅಂತ ಒಂದು ಕೌಂಟಿ ಇದೆ. ಕೌಂಟಿ ಅಂದ್ರೆ ನಮ್ಮ ಲೆಕ್ಕದಲ್ಲಿ ಜಿಲ್ಲೆ, ಆದ್ರೆ ಜನ ಎಣಿಸಿದ್ರೆ ಒಂದು ತಾಲೂಕಿನಷ್ಟೂ ಇಲ್ಲ, 2020ರ ಸೆನ್ಸಸ್‌ನಲ್ಲಿ 66 ಸಾವಿರದ ಹತ್ತಿರ. ಹೊಳೆ ಆಚೆ ಕಡೆ ಮೆಕ್ಸಿಕೊ. ಈಚೆ ಕಡೆ ಇರೋರಲ್ಲೂ ನೂರಕ್ಕೆ 97ಕ್ಕೂ ಮೀರಿ ಹಿಸ್ಪಾನಿಕ್, ಅಂದ್ರೆ ಸ್ಪ್ಯಾನಿಷ್ ಮಾತಾಡೋ ನಾಡುಗಳ ಮೂಲದವ್ರು, ಹೆಚ್ಚಿನವ್ರು ಮೆಕ್ಸಿಕನ್ ಮೂಲದವ್ರೇ, ಇಡೀ ದೇಶದಲ್ಲಿ ಇಷ್ಟು ಪ್ರಮಾಣದಲ್ಲಿ ಹಿಸ್ಪಾನಿಕ್ ಜನ ಇರೋ ಕೌಂಟಿ ಸಿಗೋದು ಕಷ್ಟ. ಈ ಊರವ್ರು 1896ರಿಂದ 2020ರ ತನಕ ಒಂದೇ ಒಂದು ಸಲನೂ ತಪ್ಪದೆ ಅಧ್ಯಕ್ಷ ಚುನಾವಣೇಲಿ ಡೆಮಾಕ್ರಟಿಕ್ ಪಕ್ಷಕ್ಕೇ ಓಟು ಹಾಕ್ಕೊಂಡು ಬಂದಿದ್ರು. 2024ರ ನವೆಂಬರ್‌ನಲ್ಲಿ ಅದು ಮುರೀತು, ಟ್ರಂಪ್‌ಗೆ 58 ಪರ್ಸೆಂಟ್ ಹತ್ತಿರ ಬಿತ್ತು, ಕಮಲಾ ಹ್ಯಾರಿಸ್‌ಗೆ 42. ಇದಕ್ಕೆ ಮುಂಚೆ ಇಲ್ಲಿ ರಿಪಬ್ಲಿಕನ್ ಒಬ್ರು ಗೆದ್ದಿದ್ದು 1892ರಲ್ಲಿ, ಬೆಂಜಮಿನ್ ಹ್ಯಾರಿಸನ್.

ಅವತ್ತಿಂದ ಟಿವಿ ಸ್ಟುಡಿಯೋಗಳಲ್ಲಿ, ಪಾಡ್‌ಕಾಸ್ಟ್‌ಗಳಲ್ಲಿ ಸ್ಟಾರ್ ಕೌಂಟಿದೇ ಮಾತು. ಲ್ಯಾಟಿನೊ ಜನ (ಹಿಸ್ಪಾನಿಕ್ ಅಂದಿದ್ದು ಇವ್ರನ್ನೇ) ಬಲಕ್ಕೆ ವಾಲಿದ್ರು, ಕಾರ್ಮಿಕ ವರ್ಗ ಡೆಮಾಕ್ರಟರಿಗೆ ಕೈ ಕೊಡ್ತು, 130 ವರ್ಷದ ಭದ್ರಕೋಟೆ ಛಿದ್ರ, ಇತ್ಯಾದಿ. ಸುಳ್ಳಲ್ಲ. ಆದ್ರೆ ಅರ್ಧ ಕತೆ. ನಂಗೆ ಅನ್ನಿಸೋದು, ಅಲ್ಲಿ ಹೆಚ್ಚಿನ ಜನ ಮನಸ್ಸು ಬದಲಾಯಿಸಿ ಆ ಕಡೆಯಿಂದ ಈ ಕಡೆಗೆ ಜಿಗಿದಿದ್ದಲ್ಲ, ಮೊದಲು ಓಟೇ ಹಾಕದವ್ರು ಬಂದು ಹಾಕಿದ್ರು, ಆಮೇಲೆ ಹಾಕ್ತಾ ಇದ್ದವ್ರು ಬರೋದು ಬಿಟ್ರು. ಎರಡೂ ಬೇರೆ ಬೇರೆ ವರ್ಷದಲ್ಲಿ, ಬೇರೆ ಬೇರೆ ಕಾರಣಕ್ಕೆ ಆಗಿದ್ದು.

ಪರ್ಸೆಂಟೇಜ್ ಬಿಟ್ಟು ಓಟಿನ ಸಂಖ್ಯೆ ತಗೊಳ್ಳಿ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಇಲ್ಲಿ ಬಿದ್ದಿದ್ದು ಸುಮಾರು 9,300 ಓಟು, ಟ್ರಂಪ್‌ಗೆ 2,200. ಅಂದ್ರೆ 79ಕ್ಕೆ 19, ಪೈಪೋಟಿನೇ ಅಲ್ಲ. 2020ರಲ್ಲಿ ಬೈಡನ್‌ಗೆ 9,100 ಚಿಲ್ರೆ, ಟ್ರಂಪ್‌ಗೆ 8,200 ಚಿಲ್ರೆ, 52ಕ್ಕೆ 47. ನೋಡಿ, ಡೆಮಾಕ್ರಟರು ಕಳ್ಕೊಂಡಿದ್ದು ಇನ್ನೂರರೊಳಗೆ, ಟ್ರಂಪ್‌ಗೆ ಜಾಸ್ತಿ ಆಗಿದ್ದು ಆರು ಸಾವಿರ. ಒಟ್ಟು ಓಟು ಹನ್ನೊಂದೂವರೆ ಸಾವಿರದ ಮೇಲಿದ್ದಿದ್ದು ಹದಿನೇಳೂವರೆ ಸಾವಿರದ ಆಸುಪಾಸಿಗೆ ಹೋಯ್ತು. ಆ ವರ್ಷ ಮಾರ್ಜಿನ್ 55 ಪಾಯಿಂಟ್ ಕುಸೀತು ಅಂತ ಎಲ್ರೂ ಬರೆದ್ರು, ದೇಶದಲ್ಲೇ ಅತಿ ದೊಡ್ಡ ಜಿಗಿತ, ಆದ್ರೆ ಡೆಮಾಕ್ರಟರ ಓಟಿನ ರಾಶಿ ಹೆಚ್ಚುಕಮ್ಮಿ ಹಾಗೇ ಇತ್ತು ಅನ್ನೋದನ್ನ ಹೇಳಿದವ್ರು ಕಮ್ಮಿ.

2024ಕ್ಕೆ ಬನ್ನಿ. ಟ್ರಂಪ್‌ಗೆ 9,500 ಹತ್ತಿರ, ಹ್ಯಾರಿಸ್‌ಗೆ 6,900 ಹತ್ತಿರ. ಟ್ರಂಪ್‌ಗೆ ಸಾವಿರದ ಇನ್ನೂರು ಚಿಲ್ರೆ ಸೇರ್ತು, ಡೆಮಾಕ್ರಟರಿಗೆ ಎರಡು ಸಾವಿರದ ಇನ್ನೂರಕ್ಕೂ ಮೇಲೆ ಹೋಯ್ತು, ಒಟ್ಟು ಓಟೂ ಒಂದು ಸಾವಿರದಷ್ಟು ಇಳೀತು. ಬೈಡನ್‌ಗೆ ಹಾಕಿದವ್ರಲ್ಲಿ ಒಂದಷ್ಟು ಜನ ಟ್ರಂಪ್ ಕಡೆ ಹೋಗಿರ್ತಾರೆ, ಅದು ಸರಿನೇ, ಆದ್ರೆ ಹೋದವ್ರೆಲ್ಲಾ ಅಲ್ಲಿಗೇ ಹೋದ್ರು ಅಂತ ಇಟ್ಕೊಂಡ್ರೂ ಲೆಕ್ಕ ಕೂಡಲ್ಲ, ಸಾವಿರದಷ್ಟು ಓಟು ಎಲ್ಲೂ ಕಾಣಲ್ಲ. ಇದೆಲ್ಲಾ ನಿವ್ವಳ ಲೆಕ್ಕ, ಒಬ್ಬೊಬ್ಬರ ಓಟು ಯಾರಿಗೆ ಅಂತ ಇದ್ರಿಂದ ಹೇಳೋಕಾಗಲ್ಲ, ನಾಲ್ಕು ವರ್ಷದಲ್ಲಿ ಸತ್ತವ್ರು, ವಲಸೆ ಹೋದವ್ರು, ಹದಿನೆಂಟು ತುಂಬಿದವ್ರು ಎಲ್ಲಾ ಇರ್ತಾರೆ. ಆದ್ರೂ ದಿಕ್ಕು ಅಂತೂ ಕಾಣುತ್ತೆ. ಇಷ್ಟೆಲ್ಲಾ ಗಲಾಟೆ ಆದ ಚುನಾವಣೇಲೂ ನೋಂದಾಯಿತ ಮತದಾರರಲ್ಲಿ ಓಟು ಹಾಕಿದ್ದು ಅರ್ಧದ ಆಸುಪಾಸು ಅಷ್ಟೇ. ಅಲ್ಲಿ ಎಲ್ಲಕ್ಕಿಂತ ದೊಡ್ಡ ಪಾರ್ಟಿ ಅಂದ್ರೆ ಮನೇಲಿ ಕೂತವ್ರದು.

ಸರಿ, ಅಷ್ಟು ವರ್ಷ ಕಣ್ಣು ಮುಚ್ಕೊಂಡು ಡೆಮಾಕ್ರಟರಿಗೇ ಯಾಕೆ ಹಾಕಿದ್ರು? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಯಾಕಂದ್ರೆ ಹೊರಗಿನವ್ರು "ಲಿಬರಲ್ ಕೋಟೆ" ಅಂತ ಬರೀತಾರೆ, ಅದು ಯಾವತ್ತೂ ಲಿಬರಲ್ ಆಗಿರ್ಲಿಲ್ಲ.

ಆ ಜಾಗದ ಹಳೇ ಕುಟುಂಬಗಳು 18ನೇ ಶತಮಾನದಲ್ಲಿ ಸ್ಪೇನ್ ದೊರೆ ಕಾಲದಲ್ಲಿ ಜಮೀನು ಪಡೆದವ್ರು. 1848ರಲ್ಲಿ ಅಮೆರಿಕ ಮತ್ತೆ ಮೆಕ್ಸಿಕೊ ನಡುವಿನ ಯುದ್ಧ ಮುಗಿದು ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದ ಆಗಿ ನದಿನೇ ಗಡಿ ಆಯ್ತು, ಅದೇ ವರ್ಷ ಸ್ಟಾರ್ ಕೌಂಟಿನೂ ಹುಟ್ತು. "ನಾವು ಗಡಿ ದಾಟಿ ಬರ್ಲಿಲ್ಲ, ಗಡಿನೇ ನಮ್ಮನ್ನ ದಾಟ್ತು" ಅಂತ ಅಲ್ಲಿ ಹೇಳ್ಕೊಳ್ತಾರೆ. ಈ ಮಾತು ನೆನಪಿಟ್ಕೊಳ್ಳಿ, ವಲಸೆ ವಿಷ್ಯಕ್ಕೆ ಬಂದಾಗ ಇದೇ ಮಾತು ಬೇಕಾಗುತ್ತೆ.

19ನೇ ಶತಮಾನದ ಕೊನೆಗೆ ದಕ್ಷಿಣ ಟೆಕ್ಸಾಸ್ ಪೂರ್ತಿ ಬಾಸ್‌ಗಳ ಕೈಲಿತ್ತು. ಜನ ಕರೀತಿದ್ದಿದ್ದು ಪಟ್ರೋನ್ ಅಂತ, ನಾವು ಪಾಳೇಗಾರ ಅನ್ಬೋದು. ಸ್ಟಾರ್‌ನಲ್ಲಿ ರೋಮಾ ಅನ್ನೋ ಊರಿನ ವ್ಯಾಪಾರಿ, ಜಮೀನ್ದಾರ ಮ್ಯಾನುಯಲ್ ಗೆರ್ರಾ ಮತ್ತೆ ಅವ್ರ ಮನೆತನ ದಶಕಗಟ್ಟಲೆ ಡೆಮಾಕ್ರಟಿಕ್ ಪಕ್ಷ ನಡೆಸ್ತು. ಕಾಯಿಲೆ ಬಿದ್ರೆ ಡಾಕ್ಟ್ರು ಖರ್ಚು, ಬರ ಬಂದ್ರೆ ಸಾಲ, ಮಗನಿಗೆ ಕೌಂಟಿ ಆಫೀಸಲ್ಲಿ ಕೆಲಸ, ಎಲ್ಲಾ ಅವ್ರ ಕಡೆಯಿಂದ. ಓದೋಕೆ ಬರದವ್ರಿಗೆ ಗೊತ್ತಾಗ್ಲಿ ಅಂತ ಪಾರ್ಟಿಗಳಿಗೆ ಕೆಂಪು, ನೀಲಿ ಅಂತ ಬಣ್ಣದ ಹೆಸರಿತ್ತು. 1902ರಲ್ಲಿ ಟೆಕ್ಸಾಸ್ ಓಟು ಹಾಕೋಕೆ ತೆರಿಗೆ ಕಟ್ಬೇಕು ಅಂತ ನಿಯಮ ತಂತು, ಬಡವ್ರು ಓಟಿಂದ ದೂರ ಉಳೀಲಿ ಅನ್ನೋದೇ ಲೆಕ್ಕ, ಆದ್ರೆ ಇಲ್ಲಿ ಬಾಸ್‌ಗಳೇ ಜನರ ಪರವಾಗಿ ಆ ತೆರಿಗೆ ಕಟ್ಟಿ ಓಟು ತಮ್ಮ ಜೇಬಲ್ಲಿ ಇಟ್ಕೊಂಡ್ರು. ಹತ್ತಿರದ ಡುವಾಲ್ ಕೌಂಟಿಯ ಜಾರ್ಜ್ ಪಾರ್ ಅಂತೂ ಇನ್ನೂ ಒಂದು ಕೈ ಮೇಲು. 1948ರಲ್ಲಿ ಲಿಂಡನ್ ಜಾನ್ಸನ್ ಸೆನೆಟ್ ಟಿಕೆಟ್ ಗೆದ್ದಿದ್ದು 87 ಓಟಿನ ಅಂತರದಲ್ಲಿ, ಆ ಗೆಲುವು ತಂದ ಓಟು ಪಾರ್ ಹಿಡಿತದಲ್ಲಿದ್ದ ಜಿಮ್ ವೆಲ್ಸ್ ಕೌಂಟಿಯ 13ನೇ ನಂಬರ್ ಬಾಕ್ಸಿಂದ ಎಣಿಕೆ ಮುಗಿದು ದಿನಗಳಾದ ಮೇಲೆ "ಸಿಕ್ಕಿದ್ವು". ಆ ಜಾನ್ಸನ್ ಮುಂದೆ ಅಧ್ಯಕ್ಷ ಆದ್ರು ಅನ್ನೋದು ಬೇರೆ ಮಾತು.

ಅಂದ್ರೆ ಡೆಮಾಕ್ರಟ್ ಆಗಿರೋದು ಅಲ್ಲಿ ಸಿದ್ಧಾಂತ ಆಗಿರ್ಲಿಲ್ಲ, ಮನೆತನ, ಕೆಲಸ, ಋಣ. ಆ ಪಕ್ಷ ಇವ್ರಿಗೆ ಒಳ್ಳೇದು ಮಾಡ್ತಾ ಅಂದ್ರೆ 1966 ನೋಡಿ. ಆ ವರ್ಷ ಜೂನ್‌ನಲ್ಲಿ ಸ್ಟಾರ್ ಕೌಂಟಿಯ ಕರಬೂಜ ತೋಟದ ಕೂಲಿಗಳು ಮುಷ್ಕರ ಕೂತ್ರು. ಗಂಟೆಗೆ ಒಂದು ಡಾಲರೂ ಸಿಗ್ತಿರ್ಲಿಲ್ಲ, ಕೇಳಿದ್ದು ಒಂದೂ ಕಾಲು ಡಾಲರ್. ಜುಲೈನಲ್ಲಿ ಕೌಂಟಿಯ ಮುಖ್ಯ ಊರು ರಿಯೊ ಗ್ರ್ಯಾಂಡ್ ಸಿಟಿಯಿಂದ ರಾಜಧಾನಿ ಆಸ್ಟಿನ್‌ಗೆ ನಡ್ಕೊಂಡು ಹೊರಟ್ರು, ಟೆಕ್ಸಾಸ್ ಬಿಸಿಲಲ್ಲಿ, ಎರಡು ತಿಂಗಳು. ಗವರ್ನರ್ ಜಾನ್ ಕಾನಲಿ, ಡೆಮಾಕ್ರಟೇ, ನ್ಯೂ ಬ್ರೌನ್‌ಫೆಲ್ಸ್ ಹತ್ರ ಕಾರಲ್ಲಿ ಬಂದು ರೋಡಲ್ಲೇ ನಿಲ್ಲಿಸಿ, ನೀವು ಬರೋ ದಿನ ನಾನು ಆಸ್ಟಿನ್‌ನಲ್ಲಿ ಇರಲ್ಲ, ಇದ್ರೂ ಭೇಟಿ ಮಾಡಲ್ಲ ಅನ್ನೋ ಅರ್ಥದಲ್ಲಿ ಹೇಳಿ ಹೋದ್ರು. ಮುಷ್ಕರ ಮುರಿಯೋಕೆ ಟೆಕ್ಸಾಸ್ ರೇಂಜರ್ಸ್ ಪೊಲೀಸ್ ಬಂತು, ಅರೆಸ್ಟು, ಹೊಡೆತ ಎಲ್ಲಾ ಆಯ್ತು, ಆ ಕೇಸು 1974ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯ್ತು. 1967ರ ಸೆಪ್ಟೆಂಬರ್‌ನಲ್ಲಿ ಬ್ಯೂಲಾ ಚಂಡಮಾರುತ ಹೊಲಗಳನ್ನ ಮುಳುಗಿಸಿ ಮುಷ್ಕರಾನೂ ಮುಗಿಸ್ತು. ಆ ಕಾನಲಿ 1973ರಲ್ಲಿ ರಿಪಬ್ಲಿಕನ್ ಪಕ್ಷ ಸೇರಿದ್ರು. ಕೂಲಿಗಳ ಊರು ಮಾತ್ರ ಇನ್ನೂ ಐವತ್ತು ವರ್ಷ ಡೆಮಾಕ್ರಟರ ಜೊತೆನೇ ಇತ್ತು.

ಆಮೇಲೂ ರಾಜಕೀಯದ ರೀತಿ ಅಷ್ಟೇನೂ ಬದಲಾಗ್ಲಿಲ್ಲ. ಪಾಳೇಗಾರರು ಹೋದ್ರು, ಆದ್ರೆ ಕೌಂಟಿ ಆಫೀಸು, ಸ್ಕೂಲ್ ಡಿಸ್ಟ್ರಿಕ್ಟು, ಆಸ್ಪತ್ರೆ, ಇವೇ ಇವತ್ತಿಗೂ ದೊಡ್ಡ ಕೆಲಸಗಳ ಮೂಲ, ಹಾಗಾಗಿ ಸ್ಕೂಲ್ ಬೋರ್ಡ್ ಚುನಾವಣೆಗೆ ಇರೋ ಕಾವು ಅಧ್ಯಕ್ಷ ಚುನಾವಣೆಗೆ ಇರಲ್ಲ. ನಿಜವಾದ ಫೈಟು ನವೆಂಬರಲ್ಲಿ ಅಲ್ಲ, ಮಾರ್ಚಲ್ಲಿ, ಡೆಮಾಕ್ರಟಿಕ್ ಪ್ರೈಮರೀಲಿ, ಅಂದ್ರೆ ಪಕ್ಷದ ಕ್ಯಾಂಡಿಡೇಟ್ ಯಾರು ಅಂತ ಆರಿಸೋ ಚುನಾವಣೇಲಿ. ಅಲ್ಲಿ ಗೆದ್ರೆ ಮುಗೀತು, ಹೆಚ್ಚಾಗಿ ಎದುರಿಗೆ ಯಾರೂ ನಿಂತಿರಲ್ಲ. ಪ್ರಚಾರ ಅಂದ್ರೆ ಪಚಾಂಗ, ಅಂದ್ರೆ ನಮ್ಮ ಬಾಡೂಟನೇ, ಮಾಂಸ ಸುಟ್ಟು, ಬಿಯರ್ ಇಟ್ಟು, ಮ್ಯೂಸಿಕ್ ಹಾಕಿ ಕ್ಯಾಂಡಿಡೇಟು ಕೈ ಕುಲುಕ್ತಾ ಓಡಾಡೋದು. ಮತ್ತೆ ಪೊಲಿಟಿಕೆರಾ ಅಂತ ಇರ್ತಾರೆ, ಹೆಚ್ಚಾಗಿ ಹೆಂಗಸರು, ಯಾವ ಬೀದೀಲಿ ಯಾವ ಅಜ್ಜಿಗೆ ಕಾರ್ ಬೇಕು, ಯಾರಿಗೆ ಪೋಸ್ಟಲ್ ಬ್ಯಾಲಟ್ ತುಂಬಿಸ್ಬೇಕು ಎಲ್ಲಾ ಗೊತ್ತಿರುತ್ತೆ, ಅದಕ್ಕೆ ಕ್ಯಾಂಡಿಡೇಟು ದುಡ್ಡು ಕೊಡ್ತಾನೆ. ಇದ್ರಲ್ಲಿ ಅಕ್ರಮ ಆಗಿ ರಿಯೊ ಗ್ರ್ಯಾಂಡ್ ನದಿಯ ಈ ಕಣಿವೇಲಿ ಕೆಲವ್ರ ಮೇಲೆ ಕೇಸೂ ಬಿದ್ದಿವೆ. ನಮಗೇನು ಹೊಸ್ದಲ್ಲ ಬಿಡಿ.

ಈಗ 2020. ಮೂರು ನಾಲ್ಕು ವಿಷ್ಯ ಒಟ್ಟಿಗೆ ಬಿತ್ತು.

ಮೊದಲನೇದು ಯಾರೂ ಜಾಸ್ತಿ ಮಾತಾಡದ್ದು, ಬ್ಯಾಲಟ್ಟೇ ಬದಲಾಗಿದ್ದು. ಟೆಕ್ಸಾಸ್‌ನಲ್ಲಿ ಮುಂಚೆ ಒಂದೇ ಗುರುತು ಒತ್ತಿದ್ರೆ ಅಧ್ಯಕ್ಷನಿಂದ ಹಿಡಿದು ಕೌಂಟಿ ಕ್ಲರ್ಕ್ ತನಕ ಆ ಪಕ್ಷದ ಎಲ್ರಿಗೂ ಓಟು ಬೀಳ್ತಿತ್ತು, ಸ್ಟ್ರೈಟ್ ಟಿಕೆಟ್ ಅಂತಾರೆ. 2017ರಲ್ಲಿ ರಿಪಬ್ಲಿಕನ್ನರ ಕೈಲಿದ್ದ ಶಾಸನಸಭೆ ಅದನ್ನ ತೆಗೀತು, ಜಾರಿಗೆ ಬಂದಿದ್ದು 2020ರಲ್ಲಿ. ದೊಡ್ಡ ಸಿಟಿಗಳ ಮೇಲೆ ಕಣ್ಣಿಟ್ಟು ಮಾಡಿದ್ರು ಅಂತ ಆಗ ಚರ್ಚೆ ಇತ್ತು. ಸ್ಟಾರ್‌ನಂಥ ಊರಲ್ಲಿ ಅದ್ರ ಅರ್ಥ ಏನಂದ್ರೆ, ಶೆರಿಫ್ ನಮ್ಮ ಚಿಕ್ಕಪ್ಪನ ಫ್ರೆಂಡು, ಕಮಿಷನರ್ ನಮ್ಮ ಬೀದಿಯವ್ನು ಅಂತ ಡೆಮಾಕ್ರಟ್ ಬಟನ್ ಒತ್ತುತ್ತಿದ್ದವ್ನು ಈಗ ಮೇಲಿಂದ ಕೆಳಗೆ ಒಂದೊಂದೇ ಹೆಸರು ನೋಡಿ ಹಾಕ್ಬೇಕು, ಮೊದಲನೇ ಹೆಸರೇ ಅಧ್ಯಕ್ಷರದ್ದು. ಇದೊಂದೇ ಕಾರಣ ಅಂತ ಖಂಡಿತ ಹೇಳಲ್ಲ, ಆರು ಸಾವಿರ ಹೊಸ ಓಟು ಬ್ಯಾಲಟ್ ಡಿಸೈನಿಂದ ಬರಲ್ಲ, ಆದ್ರೆ ಹಳೇ ಡೆಮಾಕ್ರಟ್ ಮನೆಯವ್ರು ಮೇಲೊಂದು ಕೆಳಗೊಂದು ಹಾಕೋದು ಇದ್ರಿಂದ ಸಲೀಸಾಯ್ತು.

ಎರಡನೇದು ಕೋವಿಡ್. ಸ್ಟಾರ್ ಕೌಂಟಿ ಆಸ್ಪತ್ರೇಲಿ 2020ರ ಜುಲೈನಲ್ಲಿ ಯಾರಿಗೆ ಚಿಕಿತ್ಸೆ ಕೊಡ್ಬೇಕು, ಯಾರನ್ನ ಮನೆಗೆ ಕಳಿಸ್ಬೇಕು ಅಂತ ತೀರ್ಮಾನಿಸೋಕೆ ಸಮಿತಿನೇ ಮಾಡೋ ಪರಿಸ್ಥಿತಿ ಬಂತು. ಡೆಮಾಕ್ರಟರು ಸೋಂಕಿನ ಭಯಕ್ಕೆ ಮನೆ ಮನೆ ಪ್ರಚಾರ ನಿಲ್ಸಿದ್ರು. ಕೈ ಕುಲುಕದೆ, ಊಟ ಹಾಕದೆ ಇಲ್ಲಿ ಓಟು ಕೇಳೋಕೆ ಗೊತ್ತೇ ಇಲ್ಲದ ಪಕ್ಷ ಅದು. ಅದೇ ಟೈಮಲ್ಲಿ ಆ ಕಡೆಯವ್ರು ಪಿಕಪ್ ಟ್ರಕ್‌ಗಳಿಗೆ ಬಾವುಟ ಕಟ್ಟಿ ಟ್ರಂಪ್ ಟ್ರೇನ್ ಅಂತ ಮೆರವಣಿಗೆ ಹೊರಟ್ರು. ನಾನೊಬ್ನೇ ಅಂದ್ಕೊಂಡಿದ್ದವ್ನಿಗೆ ಹೆದ್ದಾರೀಲಿ ಸಾಲಾಗಿ ಟ್ರಕ್ ಕಂಡ್ರೆ ಧೈರ್ಯ ಬರುತ್ತೆ ತಾನೇ. ಇದಕ್ಕೆ ಮುಂಚೆ ರಿಪಬ್ಲಿಕನ್ ಪ್ರೈಮರೀಲಿ ಓಟು ಹಾಕೋರು ಈ ಕೌಂಟೀಲಿ ಬೆರಳೆಣಿಕೆಯಷ್ಟು ಜನ, ಹಾಕಿದ್ರೆ ಊರಿಗೆಲ್ಲಾ ಗೊತ್ತಾಗ್ತಿತ್ತು. ಸರ್ಕಾರದಿಂದ ತಲೆಗೆ 1,200 ಡಾಲರ್ ಪರಿಹಾರ ಬಂತಲ್ಲ, ಆ ಚೆಕ್ ಮೇಲೆ ಟ್ರಂಪ್ ಹೆಸರೂ ಇತ್ತು. ಮೂರನೇ ಒಂದು ಭಾಗದಷ್ಟು ಜನ ಬಡತನದಲ್ಲಿರೋ ಜಾಗದಲ್ಲಿ ದುಡ್ಡು ಯಾರು ಕೊಟ್ರು ಅನ್ನೋದು ಸಣ್ಣ ವಿಷ್ಯ ಅಲ್ಲ, ಪಾಳೇಗಾರರ ಕಾಲದಿಂದ ಅಲ್ಲಿ ಲೆಕ್ಕ ಹಾಗೇ ನಡ್ಕೊಂಡು ಬಂದಿದೆ.

ಮೂರನೇದು ಕೆಲಸ. ಊರಲ್ಲಿ ಕೆಲಸ ಇಲ್ಲದ ಹುಡುಗ್ರು ವಾರಗಟ್ಟಲೆ ಪಶ್ಚಿಮ ಟೆಕ್ಸಾಸ್‌ನ ಪರ್ಮಿಯನ್ ಎಣ್ಣೆ ಬಾವಿಗಳಿಗೆ ಹೋಗಿ ಕ್ಯಾಂಪಲ್ಲಿ ಮಲಗಿ ದುಡಿದು ಬರ್ತಾರೆ. ಕಾಲೇಜು ಓದದೆನೂ ಒಳ್ಳೆ ಸಂಬಳ ಸಿಗೋ ಕೆಲಸ ಅಂದ್ರೆ ಅದೊಂದು, ಇನ್ನೊಂದು ಬಾರ್ಡರ್ ಪೆಟ್ರೋಲ್, ಅಂದ್ರೆ ಗಡಿ ಕಾವಲು ಪಡೆ. 2020ರ ಅಕ್ಟೋಬರ್ 22ರ ಡಿಬೇಟಲ್ಲಿ ಬೈಡನ್ ತೈಲ ಉದ್ಯಮದಿಂದ ಬೇರೆ ಕಡೆಗೆ ಹೊರಳ್ಬೇಕು ಅಂದ್ರು, ಎಡಪಂಥೀಯರು ಪೊಲೀಸ್ ಬಜೆಟ್ ಕಡಿತ ಮಾಡಿ ಅಂತಿದ್ರು. ನ್ಯೂಯಾರ್ಕಲ್ಲಿ ಕೂತು ಕೇಳಿದ್ರೆ ಅದು ಪರಿಸರ, ಅದು ನ್ಯಾಯ. ರೋಮಾದಲ್ಲಿ ಕೂತು ಕೇಳಿದ್ರೆ ಅದು ನನ್ನ ಮಗನ ಸಂಬಳ. ಗಡಿ ಕಾವಲು ಪಡೆಯ ಏಜೆಂಟರಲ್ಲಿ ಅರ್ಧದಷ್ಟು ಜನ ಲ್ಯಾಟಿನೊಗಳೇ ಅನ್ನೋದು ಹೊರಗಿನವ್ರಿಗೆ ಗೊತ್ತೇ ಇರಲ್ಲ.

ವಲಸೆ ಬಗ್ಗೆನೂ ಇದೇ ತಪ್ಪು ಲೆಕ್ಕ. ಹೆಸರು ಗಾರ್ಸಿಯಾ ಅಂದಮೇಲೆ ಗಡಿ ದಾಟಿ ಬರೋರ ಪರ ಇರ್ತಾನೆ ಅಂತ ಊಹೆ. ಗಡಿನೇ ನಮ್ಮನ್ನ ದಾಟ್ತು ಅಂದ್ಕೊಂಡು ಎಂಟು ತಲೆಮಾರು ಅಲ್ಲೇ ಇರೋವ್ನು ತನ್ನನ್ನ ವಲಸಿಗ ಅಂತ ಯಾಕೆ ಅಂದ್ಕೋತಾನೆ? ಮನೇಲಿ ಸ್ಪ್ಯಾನಿಷ್, ಭಾನುವಾರ ಚರ್ಚು, ಜಮೀನಲ್ಲಿ ಜಿಂಕೆ ಬೇಟೆ, ಗನ್ನು, ಅಬಾರ್ಷನ್ ವಿಷ್ಯದಲ್ಲಿ ಕ್ಯಾಥಲಿಕ್ ನಿಲುವು, ಓಟು ಮಾತ್ರ ಡೆಮಾಕ್ರಟಿಕ್. ಅಭಿಪ್ರಾಯಗಳೆಲ್ಲಾ ಯಾವತ್ತೋ ರಿಪಬ್ಲಿಕನ್ ಕಡೆಗೇ ಇದ್ವು, ಓಟು ಅಲ್ಲಿಗೆ ಹೋಗೋಕೆ ಇಷ್ಟು ದಿನ ತಗೊಳ್ತು ಅಂತ ಹೇಳೋರಿದ್ದಾರೆ. ನಾನು ಅರ್ಧ ಒಪ್ತೀನಿ. ಯಾಕೆ ಅರ್ಧ ಅಂದ್ರೆ, ಆ ಅಭಿಪ್ರಾಯಗಳು ರಿಪಬ್ಲಿಕನ್ ಪಕ್ಷದಿಂದ ಬುಷ್ ನಿಂತ ಕಾಲದಲ್ಲೂ, ರೋಮ್ನಿ ನಿಂತ ಕಾಲದಲ್ಲೂ ಇದ್ವು, ಆದ್ರೂ 2012ರಲ್ಲಿ ಒಬಾಮಗೆ 86 ಪರ್ಸೆಂಟ್ ಬಿದ್ದಿತ್ತು. ಬರೀ ಗನ್ನು, ಚರ್ಚು ಅಂದ್ರೆ ಅದಕ್ಕೆ ಉತ್ತರ ಸಿಗಲ್ಲ.

2024ರ ಕತೆ ಚಿಕ್ಕದು. ಬೆಲೆ ಏರಿಕೆ. 2022ರ ಜೂನ್‌ನಲ್ಲಿ ಹಣದುಬ್ಬರ 9.1 ಪರ್ಸೆಂಟ್‌ಗೆ ಹೋಗಿತ್ತು, ಆಮೇಲೆ ಇಳೀತು ಅಂತ ಅರ್ಥಶಾಸ್ತ್ರಜ್ಞರು ಗ್ರಾಫ್ ತೋರಿಸಿದ್ರು, ಆದ್ರೆ ಏರಿಕೆ ನಿಂತ್ರೂ ಏರಿದ ಬೆಲೆ ಕೆಳಗೆ ಬರ್ಲಿಲ್ಲ ಅನ್ನೋದು ಮೊಟ್ಟೆ ತರೋರಿಗೆ ಗೊತ್ತು. ಗಡೀಲಿ ದಾಖಲೆ ಸಂಖ್ಯೇಲಿ ಜನ ಬಂದ್ರು, ಅದನ್ನ ಕಣ್ಣಾರೆ ಕಂಡ ಊರುಗಳಿವು. ಹ್ಯಾರಿಸ್ ಕ್ಯಾಂಪೇನ್‌ಗೆ ಟೆಕ್ಸಾಸ್ ಹೇಗೂ ಸಿಗಲ್ಲ ಅನ್ನೋ ಲೆಕ್ಕ, ದುಡ್ಡೆಲ್ಲಾ ಪೆನ್ಸಿಲ್ವೇನಿಯಾ ಕಡೆ ಹೋಯ್ತು. ಟ್ರಂಪ್‌ಗೆ ಹಾಕೋಕೆ ಮನಸ್ಸಿಲ್ಲ, ಇವ್ರಿಗೆ ಹಾಕೋಕೆ ಕಾರಣ ಇಲ್ಲ ಅನ್ನೋ ಒಂದಷ್ಟು ಜನ ಮನೇಲೇ ಉಳಿದ್ರು. ಸುತ್ತಮುತ್ತಲ ಹಿಡಾಲ್ಗೊ, ಕ್ಯಾಮರಾನ್, ವೆಬ್ ಕೌಂಟಿಗಳೂ ಆ ಸಲ ಟ್ರಂಪ್‌ಗೆ ಹೋದ್ವು, ಜಪಾಟಾ 2020ರಲ್ಲೇ ಹೋಗಿತ್ತು.

ಆದ್ರೆ ಅದೇ ದಿನ, ಅದೇ ಬ್ಯಾಲಟ್‌ನಲ್ಲಿ ಇನ್ನೊಂದು ನಡೀತು. ಸ್ಟಾರ್ ಆಗ ಸೇರಿದ್ದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರ ಟೆಕ್ಸಾಸ್ 28. ಅಲ್ಲಿ ಟ್ರಂಪ್ ಗೆದ್ರು, ಜೊತೆಗೆ ಡೆಮಾಕ್ರಟ್ ಹೆನ್ರಿ ಕ್ವೇಯಾರ್ ಕೂಡ ಗೆದ್ರು. ಆ ಮನುಷ್ಯನ ಮೇಲೆ 2024ರ ಮೇನಲ್ಲಿ ಲಂಚದ ಆರೋಪಪಟ್ಟಿ ಬಿದ್ದಿತ್ತು, ಆದ್ರೂ ಗೆದ್ರು. ಅಬಾರ್ಷನ್ ವಿರೋಧಿ, ಗನ್ ಪರ, ತೈಲದ ಪರ, ಊರಿಗೆ ಫೆಡರಲ್ ದುಡ್ಡು ತರೋ ಹಳೇ ಮಾದರಿ ಡೆಮಾಕ್ರಟ್. ಸ್ಟಾರ್ ಕೌಂಟಿಯೊಳಗಿನ ಹುದ್ದೆಗಳೂ ಹೆಚ್ಚಿನವು ಡೆಮಾಕ್ರಟರ ಕೈಲೇ ಉಳಿದ್ವು. ಎರಡು ವರ್ಷ ಮುಂಚೆ, 2022ರ ಗವರ್ನರ್ ಚುನಾವಣೇಲಿ ಇಲ್ಲಿ ಗೆದ್ದಿದ್ದು ಡೆಮಾಕ್ರಟ್ ಬೆಟೊ ಓರೂರ್ಕ್, ರಿಪಬ್ಲಿಕನ್ ಗ್ರೆಗ್ ಆಬಟ್ ಅಲ್ಲ. ಟ್ರಂಪ್ ಹೆಸರು ಬ್ಯಾಲಟ್ ಮೇಲೆ ಇಲ್ಲದ ವರ್ಷ ಕೌಂಟಿ ಹಳೇ ದಾರಿಗೇ ಬಂತು ಅಂತಾಯ್ತಲ್ಲ.

ಇದಕ್ಕೆ ಎದುರಾಗಿ ಇಡೋಕೆ ಒಂದು ಉದಾಹರಣೆ ಇದೆ, ಅದನ್ನೂ ಹೇಳ್ಬೇಕು. ರಿಯೊ ಗ್ರ್ಯಾಂಡ್ ಸಿಟಿಯ ಶಾಸಕ ರಯನ್ ಗಿಯೆನ್ ಎರಡು ದಶಕದಷ್ಟು ಕಾಲ ಡೆಮಾಕ್ರಟ್ ಆಗಿದ್ದವ್ರು, 2021ರ ನವೆಂಬರ್‌ನಲ್ಲಿ ರಿಪಬ್ಲಿಕನ್ ಆದ್ರು, ಮುಂದಿನ ಚುನಾವಣೆ ಆರಾಮಾಗಿ ಗೆದ್ರು. ಲೋಕಲ್ ಲೀಡರ್ ಜೊತೆ ಜನಾನೂ ಹೋದ್ರು ನೋಡಿ ಅಂತಾರೆ. ಆದ್ರೆ ಅವ್ರು ಹೋಗೋಕೆ ಸ್ವಲ್ಪ ಮುಂಚೆ ಅವ್ರ ಕ್ಷೇತ್ರದ ಗಡಿನೇ ಬದಲಾಯಿಸಿ ರಿಪಬ್ಲಿಕನ್ ಏರಿಯಾಗಳನ್ನ ಸೇರಿಸಿದ್ರು. ಕುರ್ಚಿ ಉಳಿಸ್ಕೊಳ್ಳೋಕೆ ಮಾಡಿದ ಪಕ್ಷಾಂತರಾನ ಜನಾಭಿಪ್ರಾಯ ಅಂತ ಓದೋಕಾಗಲ್ಲ, ಕರ್ನಾಟಕದವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾ.

ಇಷ್ಟೆಲ್ಲಾ ಈಗ ಯಾಕೆ ಮುಖ್ಯ ಅಂದ್ರೆ, 2025ರ ಆಗಸ್ಟ್‌ನಲ್ಲಿ ಟೆಕ್ಸಾಸ್ ದಶಕದ ಮಧ್ಯದಲ್ಲೇ ಕಾಂಗ್ರೆಸ್ ಕ್ಷೇತ್ರಗಳ ಗಡಿ ಮತ್ತೆ ಗೀಚ್ತು. ಐದು ಸೀಟು ಜಾಸ್ತಿ ತಗೊಳ್ಳೋದು ಗುರಿ, ಅದನ್ನ ಮುಚ್ಚಿಟ್ಟಿಲ್ಲ. ಕೆಳಗಿನ ಕೋರ್ಟು ತಡೆದಿತ್ತು, ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಮ್ಯಾಪ್ ಬಳಸ್ಬೋದು ಅಂತ ಬಿಡ್ತು. ದಕ್ಷಿಣ ಟೆಕ್ಸಾಸ್‌ನ ಸೀಟುಗಳಲ್ಲಿ ಆ ಲೆಕ್ಕ ನಿಂತಿರೋದು ಪೂರ್ತಿ ಒಂದು ಊಹೆ ಮೇಲೆ, 2024ರಲ್ಲಿ ಟ್ರಂಪ್‌ಗೆ ಬಿದ್ದ ಲ್ಯಾಟಿನೊ ಓಟು ಪಕ್ಷದ ಓಟು, ಕ್ಯಾಂಡಿಡೇಟ್ ಯಾರಾದ್ರೂ ಬರುತ್ತೆ ಅನ್ನೋದು. ನಂಗೆ ಇದು ದುಬಾರಿ ಜೂಜು ಅನ್ನಿಸುತ್ತೆ. 2025ರಲ್ಲಿ ಇದೇ ಕಣಿವೇಲಿ ಮನೆ ಕಟ್ಟೋ ಸೈಟುಗಳಿಂದ ವಲಸೆ ಪೊಲೀಸರು ಕೂಲಿಗಳನ್ನ ಎತ್ಕೊಂಡು ಹೋಗಿ, ಕೆಲಸ ನಿಂತು, ಬಿಲ್ಡರ್‌ಗಳು ಬಹಿರಂಗವಾಗಿ ಗೋಳಾಡಿದ್ರು. ಗಡಿ ಬಿಗಿ ಮಾಡಿ ಅಂದವ್ರೂ ಮೇಸ್ತ್ರಿನ ಹಿಡ್ಕೊಂಡು ಹೋಗಿ ಅಂದಿರ್ಲಿಲ್ಲ. ದೂರದ ನ್ಯೂಜೆರ್ಸಿಯ ಪಸೇಕ್ ಕೌಂಟಿ, ಅಲ್ಲೂ ಲ್ಯಾಟಿನೊಗಳು ಜಾಸ್ತಿ, 2024ರಲ್ಲಿ ಟ್ರಂಪ್‌ಗೆ ಹೋಗಿದ್ದು 2025ರ ಗವರ್ನರ್ ಚುನಾವಣೇಲಿ ಡೆಮಾಕ್ರಟ್ ಮಿಕಿ ಶೆರಿಲ್ ಕಡೆ ದೊಡ್ಡ ಅಂತರದಲ್ಲಿ ವಾಪಸ್ ಬಂತು.

ಇನ್ನೊಂದು ತಮಾಷೆ. 2025ರ ಡಿಸೆಂಬರ್‌ನಲ್ಲಿ ಟ್ರಂಪ್ ಅವ್ರೇ ಕ್ವೇಯಾರ್‌ಗೆ ಕ್ಷಮಾದಾನ ಕೊಟ್ರು. ಕ್ವೇಯಾರ್ ಥ್ಯಾಂಕ್ಸ್ ಹೇಳಿ, ಡೆಮಾಕ್ರಟ್ ಆಗೇ ಮತ್ತೆ ನಾಮಪತ್ರ ಹಾಕಿದ್ರು. ಟ್ರಂಪ್‌ಗೆ ಉರಿದು, ನಿಯತ್ತಿಲ್ಲ ಅಂತ ಬೈದ್ರು. ಉಪಕಾರ ತಗೊಂಡವ್ನು ಓಟು ಕೊಡ್ಬೇಕು ಅನ್ನೋದು ಪಟ್ರೋನ್ ಕಾಲದ ನಿಯಮ, ಅದನ್ನ ಆ ಕಣಿವೆಯವ್ರಿಗೇ ಹೇಳೋಕೆ ಹೋದ್ರು.

ಮುಂದಿನ ಸಲ ಸ್ಟಾರ್ ಕೌಂಟಿ ರಿಸಲ್ಟ್ ಬಂದಾಗ ಎಲ್ರೂ ಮಾರ್ಜಿನ್ ನೋಡ್ತಾರೆ. ಒಟ್ಟು ಎಷ್ಟು ಓಟು ಬಿತ್ತು ಅಂತ ಮೊದಲು ನೋಡಿ, 2020ರಲ್ಲಿ ಹೊಸದಾಗಿ ಬಂದ ಆ ಆರು ಸಾವಿರದಲ್ಲಿ ಎಷ್ಟು ಜನ ಟ್ರಂಪ್ ಹೆಸರಿಲ್ಲದ ಬ್ಯಾಲಟ್‌ಗೆ ಸಾಲಲ್ಲಿ ನಿಲ್ತಾರೆ ಅನ್ನೋದು ಅದ್ರಲ್ಲೇ ಗೊತ್ತಾಗೋದು.